ಪದಸಂಸ್ಕಾರಕದಲ್ಲಿ ಪುಟವಿಭಜನೆ ಮತ್ತು ಖಾಲಿ ಪುಟ

ಗಣಕದಲ್ಲಿ ಸಿದ್ಧಪಡಿಸಿದ ಬರೆಹವು ಒಂದು ಪುಟದಲ್ಲಿ ಎಲ್ಲಿಗೆ ನಿಂತು ಮುಂದಿನ ಪುಟದಲ್ಲಿ ಎಲ್ಲಿಂದ ತೊಡಗಬೇಕೆಂಬುದನ್ನು ನಿರ್ಣಯಿಸುವ ವ್ಯವಸ್ಥೆಗೆ ಪುಟವಿಭಜನೆಯೆಂದು ಹೆಸರು. ಬಳಕೆಯ ಮಾತಿನಲ್ಲಿ ಪೇಜ್ ಬ್ರೇಕ್ ಎಂಬುದೇ ರೂಢವಾಗಿದೆ. ಪದಸಂಸ್ಕಾರಕ, ಅರ್ಥಾತ್ ವರ್ಡ್ ಪ್ರೊಸೆಸರ್ ಎಂದು ಕರೆಯಲ್ಪಡುವ ತಂತ್ರಾಂಶಗಳೆಲ್ಲವೂ ಈ ಕೆಲಸವನ್ನು ಬಹುಮಟ್ಟಿಗೆ ತಾವಾಗಿಯೇ ನಡೆಸಿಕೊಂಡು ಹೋಗುತ್ತವೆಯಾದರೂ, ಅಧ್ಯಾಯದ ಆರಂಭ, ಉಪಶೀರ್ಷಿಕೆ, ಕೋಷ್ಟಕ, ಸಹಿಯ ಜಾಗ ಮೊದಲಾದ ಕಡೆಗಳಲ್ಲಿ ಬರೆಯುವವರ ಇಚ್ಛೆಯು ಯಂತ್ರದ ಲೆಕ್ಕಾಚಾರಕ್ಕಿಂತ ಭಿನ್ನವಾಗಿರುವುದುಂಟು. ಆ ಇಚ್ಛೆಯನ್ನು ಯಂತ್ರಕ್ಕೆ ತಿಳಿಯಪಡಿಸುವ ವಿಧಾನಗಳೂ, ಅದನ್ನು ಅಡ್ಡದಾರಿಯಲ್ಲಿ ತಿಳಿಯಪಡಿಸಿದಾಗ ಬೇಡದ ಕಡೆ ಹುಟ್ಟಿಕೊಳ್ಳುವ ಖಾಲಿ ಪುಟಗಳೂ, ಗ್ರಂಥಸಂಪ್ರದಾಯವನ್ನನುಸರಿಸಿ ಬೇಕೆಂದೇ ಬಿಡುವ ಖಾಲಿ ಪುಟಗಳೂ ಈ ಲೇಖನದಲ್ಲಿ ನಿರೂಪಿತವಾಗಿವೆ.

ಮೊದಲು ಮನಗಾಣಬೇಕಾದುದೇನೆಂದರೆ, ಪದಸಂಸ್ಕಾರಕದ ಕಡತದೊಳಗೆ ಪುಟವೆಂಬ ವಸ್ತುವೇ ಇರುವುದಿಲ್ಲ. ಅಲ್ಲಿ ಅಕ್ಷರಗಳುಂಟು, ಪ್ಯಾರಾಗಳುಂಟು, ಚಿತ್ರ ಕೋಷ್ಟಕಗಳುಂಟು, ಇವೆಲ್ಲ ಹೇಗೆ ತೋರಬೇಕೆಂಬ ಅಪ್ಪಣೆಗಳುಂಟು. ಕಾಗದದ ಅಳತೆ, ನಾಲ್ಕು ಅಂಚುಗಳ ತೆರಪು, ಅಕ್ಷರದ ಗಾತ್ರ, ಸಾಲುಗಳ ನಡುವಣ ಅಂತರ, ಆ ಗಣಕದಲ್ಲಿ ಲಭ್ಯವಿರುವ ಫಾಂಟು, ಕೆಲವು ತಂತ್ರಾಂಶಗಳಲ್ಲಿ ಜೋಡಿಸಿಕೊಂಡಿರುವ ಪ್ರಿಂಟರಿನ ಸ್ವಭಾವ ಇವೆಲ್ಲವನ್ನೂ ಗಣನೆಗೆ ತಂದುಕೊಂಡು, ಕಡತವನ್ನು ತೆರೆದಾಗಲೆಲ್ಲ, ಒಂದು ಪದವನ್ನು ತಿದ್ದಿದಾಗಲೆಲ್ಲ, ತಂತ್ರಾಂಶವು ಪುಟಗಳನ್ನು ಹೊಸದಾಗಿ ಲೆಕ್ಕ ಹಾಕಿ ತೋರಿಸುತ್ತದೆ. ಆದುದರಿಂದ ಒಬ್ಬರ ಗಣಕದಲ್ಲಿ ನಲವತ್ತು ಪುಟವಿದ್ದ ವರದಿಯು ಇನ್ನೊಬ್ಬರಲ್ಲಿ ನಲವತ್ತೆರಡಾದರೆ ಕಡತ ಕೆಟ್ಟಿತೆಂದು ಗಾಬರಿಯಾಗಬೇಕಾದುದಿಲ್ಲ. ಪುಟದ ಗಡಿಯನ್ನು ಸ್ಥಿರವೆಂದು ಬಗೆದು ಬರೆಹವನ್ನು ಅಲ್ಲಿಗೆ ನೂಕಿ ನಿಲ್ಲಿಸಲು ಹೊರಟವರಿಗೆ ಪ್ರತಿಯೊಂದು ತಿದ್ದುಪಡಿಯೂ ಹೊಸ ತೊಡಕನ್ನು ತಂದೊಡ್ಡುತ್ತದೆ. ಯಾವ ಪ್ಯಾರಾ ಯಾವುದನ್ನು ಅಗಲಬಾರದು, ಯಾವುದು ಹೊಸ ಪುಟದಿಂದಲೇ ತೊಡಗತಕ್ಕುದು ಎಂಬ ಸಂಬಂಧವನ್ನಷ್ಟೇ ಹೇಳಿ ಮಿಕ್ಕ ಗಣಿತವನ್ನು ಯಂತ್ರಕ್ಕೆ ಬಿಟ್ಟವರಿಗೆ ಆ ಕಷ್ಟವಿಲ್ಲ. ಪುಟವಿಭಜನೆಯ ಶಾಸ್ತ್ರವೆಲ್ಲ ಈ ಒಂದು ತತ್ತ್ವದ ವಿಸ್ತಾರವೆಂದರೂ ಸಲ್ಲುವುದು.

ಗಣಕಕ್ಕೆ ಮುಂಚೆ ಈ ಹೊಣೆ ಅಚ್ಚುಕೂಟದ್ದಾಗಿತ್ತು. ಮೊಳೆ ಜೋಡಿಸುವವರು ಉದ್ದನೆಯ ಗ್ಯಾಲಿಯಲ್ಲಿ ಸಾಲುಗಳನ್ನು ಕೂಡಿಸಿಟ್ಟು, ಕರಡು ತಿದ್ದಿ ಬಂದ ಮೇಲೆ ಅದನ್ನು ಪುಟಗಳಾಗಿ ಕತ್ತರಿಸಿ ಕಟ್ಟುತ್ತಿದ್ದರು. ಒಂದು ಸಾಲು ಹೆಚ್ಚಿದರೆ ಸಾಲುಗಳ ನಡುವೆ ಸೇರಿಸಿದ್ದ ಸೀಸದ ಪಟ್ಟಿಗಳನ್ನು ತೆಗೆದೋ, ಕಡಮೆಯಾದರೆ ಸೇರಿಸಿಯೋ, ಎದುರುಬದುರಿನ ಪುಟಗಳ ಕೆಳಗೆರೆ ಸಮನಾಗುವಂತೆ ಸರಿತೂಗಿಸುತ್ತಿದ್ದರು. ಬೆರಳಚ್ಚು ಯಂತ್ರದ ಮುಂದೆ ಕುಳಿತವರಿಗೆ ಕಾಗದದ ತುದಿಯೇ ಪುಟದ ತುದಿ. ಗಣಕ ಬಂದಾಗ ಈ ಎರಡೂ ಅನುಕೂಲಗಳು ತಪ್ಪಿದವು. ಕಾರಣವಿಷ್ಟೆ, ಆರಂಭಕಾಲದ ಸಾಲುಮುದ್ರಕಗಳಿಗೆ ಉಣಿಸುತ್ತಿದ್ದ ಕಾಗದವು ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಅಖಂಡವಾದ ಸುರುಳಿ. ಎಲ್ಲಿ ಹೊಸ ಪುಟವೆಂಬುದನ್ನು ಯಂತ್ರಕ್ಕೆ ಯಾರಾದರೂ ಹೇಳಲೇಬೇಕಾಗಿತ್ತು. ಐಬಿಎಂ ಸಂಸ್ಥೆಯು 1959ರಲ್ಲಿ ಹೊರತಂದ 1403 ಎಂಬ ಮುದ್ರಕದಲ್ಲಿ ಪುಟದ ಉದ್ದಕ್ಕೆ ಸರಿಯಾಗಿ ಕತ್ತರಿಸಿ ತುದಿಗಳನ್ನಂಟಿಸಿದ ಒಂದು ಕಾಗದದ ಪಟ್ಟಿಯು ಬಳೆಯಂತೆ ಸುತ್ತುತ್ತಿದ್ದು, ಅದರ ಹನ್ನೆರಡು ಓಣಿಗಳ ಪೈಕಿ ಮೊದಲನೆಯದರಲ್ಲಿ ಕೊರೆದ ರಂಧ್ರವು ಪುಟದ ತಲೆಯನ್ನು ಸೂಚಿಸುತ್ತಿತ್ತು. ಫೋರ್ಟ್ರಾನ್ ಭಾಷೆಯಲ್ಲಿ ಕ್ರಮವಿಧಿ ಬರೆಯುವವರು ಮುದ್ರಿಸಬೇಕಾದ ಸಾಲಿನ ಮೊದಲ ಸ್ಥಾನದಲ್ಲಿ 1 ಎಂಬ ಅಂಕಿಯನ್ನಿಟ್ಟರೆ ಮುದ್ರಕವು ಆ ರಂಧ್ರ ಬರುವವರೆಗೆ ಕಾಗದವನ್ನು ಓಡಿಸಿ ಹೊಸ ಪುಟದಿಂದ ಅಚ್ಚು ಹಾಕುತ್ತಿತ್ತು. 1963ರಲ್ಲಿ ನಿಷ್ಕರ್ಷೆಗೊಂಡ ಆಸ್ಕಿ ಸಂಕೇತಮಾಲೆಯಲ್ಲಿ ಇದೇ ಕಾರ್ಯಕ್ಕೆಂದು ಹನ್ನೆರಡನೆಯ ಸ್ಥಾನವನ್ನು ಕಾದಿರಿಸಿ ಫಾರಂ ಫೀಡ್ ಎಂದು ಹೆಸರಿಟ್ಟರು. ಅಕ್ಷರರೂಪವಿಲ್ಲದ ಈ ಚಿಹ್ನೆಯೇ ಇಂದಿನ ಪೇಜ್ ಬ್ರೇಕಿನ ಪೂರ್ವಜ.

ಈ ಚಿಹ್ನೆಯನ್ನು ಬಳಸದೆ ಸಾಲುಗಳನ್ನೆಣಿಸಿಯೇ ಪುಟ ಮುಗಿಸುವ ಪದ್ಧತಿಯಿಂದ ಏನಾಗುತ್ತಿತ್ತೆಂಬುದಕ್ಕೆ ನಮ್ಮ ದೇಶದ ಕಚೇರಿಗಳಲ್ಲಿಯೇ ಒಳ್ಳೆಯ ನಿದರ್ಶನವಿತ್ತು. ಅಂಗುಲಕ್ಕೆ ಆರು ಸಾಲಿನಂತೆ ಹನ್ನೊಂದು ಅಂಗುಲದ ಅಮೆರಿಕದ ಕಾಗದದಲ್ಲಿ 66 ಸಾಲು ಹಿಡಿಯುತ್ತವೆ. ಅಲ್ಲಿ ರಚಿತವಾದ ತಂತ್ರಾಂಶಗಳು ಪುಟಕ್ಕೆ 66 ಸಾಲೆಂಬುದನ್ನೇ ಸಹಜವೆಂದಿಟ್ಟುಕೊಂಡಿದ್ದವು. ಇಲ್ಲಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳಿಗೆ ಹಾಕುತ್ತಿದ್ದ ಕಂಟಿನ್ಯುಯಸ್ ಸ್ಟೇಷನರಿಯಾದರೋ ಸಾಮಾನ್ಯವಾಗಿ ಹನ್ನೆರಡು ಅಂಗುಲದ್ದು, ಅರ್ಥಾತ್ 72 ಸಾಲಿನದು. ಅಳತೆಯನ್ನು ಬದಲಿಸಿಕೊಳ್ಳದೆ ಮುದ್ರಣಕ್ಕೆ ಕೊಟ್ಟರೆ ಎರಡನೆಯ ಪುಟದ ತಲೆಬರೆಹವು ಮೊದಲನೆಯ ಹಾಳೆಯ ಅಡಿಯಲ್ಲಿಯೇ ಬಂದು ಕೂರುತ್ತಿತ್ತು. ಹಾಳೆಗೆ ಆರಾರು ಸಾಲಿನಂತೆ ಅದು ಮೇಲೇರುತ್ತ ಹೋಗಿ, ಹರಿಯಲೆಂದು ತೂತು ಕೊಟ್ಟ ಗೆರೆಯು ಒಂದೊಂದು ಸಲ ವೇತನಪಟ್ಟಿಯ ಮೊತ್ತದ ಸಾಲಿನ ಮೇಲೆಯೇ ಹಾಯ್ದು, ಹನ್ನೆರಡು ಪುಟಗಳ ಬರೆಹ ಹನ್ನೊಂದು ಹಾಳೆಯಲ್ಲಿ ಮುಗಿದ ಮೇಲಷ್ಟೆ ಮತ್ತೆ ಹಾಳೆಯ ತಲೆಯಿಂದ ಪುಟವು ತೊಡಗುತ್ತಿತ್ತು. ಫಾರಂ ಫೀಡ್ ಚಿಹ್ನೆಯೊಂದಿದ್ದಿದ್ದರೆ, ಮತ್ತು ಹಾಳೆಯ ಉದ್ದವೆಷ್ಟೆಂದು ಮುದ್ರಕಕ್ಕೆ ತಿಳಿದಿದ್ದರೆ, ಈ ಅವಾಂತರಕ್ಕೆ ಅವಕಾಶವಿರುತ್ತಿರಲಿಲ್ಲ.

ಬರೆಹದ ನಡುವೆಯೇ ಆಜ್ಞೆಗಳನ್ನು ಬರೆದಿಡುವ ಪದ್ಧತಿಯು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್ಸರ್ 1964ರಲ್ಲಿ ರಚಿಸಿದ ರನ್ಆಫ್ ಎಂಬ ತಂತ್ರಾಂಶದಿಂದ ಬೆಳಕಿಗೆ ಬಂತು. ಅದರ ಸಂತತಿಯಾದ ರಾಫ್, 1971ರ ಸುಮಾರಿಗೆ ಬೆಲ್ ಪ್ರಯೋಗಾಲಯದ ಪೇಟೆಂಟ್ ವಿಭಾಗದ ಬೆರಳಚ್ಚುಗಾರರ ಉಪಯೋಗಕ್ಕೆ ಬಂದು, ಆಗಿನ್ನೂ ಶೈಶವದಲ್ಲಿದ್ದ ಯುನಿಕ್ಸ್ ವ್ಯವಸ್ಥೆಗೆ ಮೊದಲ ಆಶ್ರಯವನ್ನು ದೊರಕಿಸಿಕೊಟ್ಟಿತು. ಈ ಮನೆತನದ ಆಜ್ಞೆಗಳಲ್ಲಿ ಎರಡು ನಮಗೆ ಮುಖ್ಯ: ಚುಕ್ಕಿಯ ಮುಂದೆ ಬಿ ಪಿ ಎಂದು ಬರೆದರೆ ಅಲ್ಲಿಂದ ಹೊಸ ಪುಟ, ಎನ್ ಇ ಎಂದು ಬರೆದು ಒಂದು ಸಂಖ್ಯೆಯನ್ನಿತ್ತರೆ, ಅಷ್ಟು ಸಾಲಿನ ಜಾಗ ಈ ಪುಟದಲ್ಲಿ ಉಳಿದಿಲ್ಲವಾದರೆ ಮಾತ್ರ ಹೊಸ ಪುಟ. ಎರಡನೆಯದು ಕಟ್ಟಪ್ಪಣೆಯಲ್ಲ, ಸಂದರ್ಭವನ್ನು ನೋಡಿ ನಡೆಯೆಂಬ ಸೂಚನೆ. ಮೊದಲನೆಯದಕ್ಕಿಂತ ಎಷ್ಟೋ ಪಾಲು ಜಾಣತನದ್ದು. 1978ರಲ್ಲಿ ಬಂದ ವರ್ಡ್‌ಸ್ಟಾರ್ ಈ ಎರಡನ್ನೂ ಪಿ ಎ, ಸಿ ಪಿ ಎಂಬ ಚುಕ್ಕಿ ಆಜ್ಞೆಗಳಾಗಿ ಉಳಿಸಿಕೊಂಡು, ಪುಟ ಮುಗಿಯುವ ಸ್ಥಳದಲ್ಲಿ ಪರದೆಯ ಉದ್ದಕ್ಕೂ ಅಡ್ಡಗೆರೆಗಳನ್ನೆಳೆದು ಬಲತುದಿಯಲ್ಲಿ ಪಿ ಅಕ್ಷರವನ್ನು ತೋರಿಸಿತು. ಬರೆಯುತ್ತಿರುವಾಗಲೇ ಪುಟದ ಗಡಿ ಕಣ್ಣಿಗೆ ಬೀಳುವುದು ಆ ಕಾಲಕ್ಕೆ ದೊಡ್ಡ ಸೌಕರ್ಯ. ತರುವಾಯದ ವರ್ಡ್‌ಪರ್ಫೆಕ್ಟ್, ಯಂತ್ರವು ತಾನಾಗಿ ಹಾಕಿದ ವಿಭಜನೆಯನ್ನು ಮೃದುವೆಂದೂ ಬರೆಯುವವರು ಹಾಕಿದುದನ್ನು ಕಠಿಣವೆಂದೂ ಬೇರ್ಪಡಿಸಿ, ಅಡಗಿರುವ ಸಂಕೇತಗಳನ್ನೆಲ್ಲ ಬಿಚ್ಚಿ ತೋರಿಸುವ ಒಂದು ಕಿಟಕಿಯನ್ನು ಕೊಟ್ಟಿತ್ತು. ಈ ಕಿಟಕಿಗೆ ಸಾಟಿಯಾದುದು ಮುಂದೆ ಬಂದ ಜನಪ್ರಿಯ ತಂತ್ರಾಂಶಗಳಲ್ಲಿ ಇಲ್ಲವೆಂದು ಹಳಬರು ಈಗಲೂ ಹಲುಬುವುದನ್ನು ಪೂರ್ವಾಗ್ರಹವೆಂದು ತಳ್ಳಿಹಾಕುವಂತಿಲ್ಲ. ಪರದೆಯ ಮೇಲೆ ಕಂಡಂತೆಯೇ ಕಾಗದದ ಮೇಲೂ ಮೂಡಬೇಕೆಂಬ ಧ್ಯೇಯವನ್ನು ಜೆರಾಕ್ಸ್ ಸಂಶೋಧನಾಲಯದ ಬ್ರಾವೊ ತಂತ್ರಾಂಶವು 1974ರಲ್ಲಿ ಎತ್ತಿಹಿಡಿಯಿತು; ಅದರ ಕರ್ತೃಗಳಲ್ಲೊಬ್ಬರಾದ ಚಾರ್ಲ್ಸ್ ಸಿಮೊನ್ಯಿ 1981ರಲ್ಲಿ ಮೈಕ್ರೊಸಾಫ್ಟನ್ನು ಸೇರಿದುದರ ಫಲವಾಗಿ 1983ರಲ್ಲಿ ವರ್ಡ್ ಪ್ರಕಟವಾಯಿತು.

ಇಂದಿನ ಪದಸಂಸ್ಕಾರಕಗಳಲ್ಲಿ ಕಠಿಣ ವಿಭಜನೆಗೆ ಕಂಟ್ರೋಲ್ ಕೀಲಿಯನ್ನೊತ್ತಿ ಎಂಟರ್ ಒತ್ತುವುದು ಸರ್ವಸಾಧಾರಣ ಕ್ರಮ. ವರ್ಡ್, ಲಿಬ್ರೆಆಫೀಸ್ ರೈಟರ್, ಗೂಗಲ್ ಡಾಕ್ಸ್ ಮೂರರಲ್ಲಿಯೂ ಇದೇ ನಡೆಯುತ್ತದೆ. ಇಷ್ಟು ಸುಲಭದ ದಾರಿಯಿದ್ದೂ, ಹೊಸ ಪುಟ ಬರುವವರೆಗೆ ಬರಿಯ ಎಂಟರನ್ನೇ ಒತ್ತುತ್ತ ಹೋಗುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದು ಸಂಘದ ಸ್ಮರಣ ಸಂಚಿಕೆಯಲ್ಲಿ ಅಧ್ಯಕ್ಷರ ಮಾತು ಪುಟದ ಮುಕ್ಕಾಲಿಗೆ ಮುಗಿದಿದೆಯೆನ್ನೋಣ. ಕಾರ್ಯದರ್ಶಿಗಳ ವರದಿಯು ಹೊಸ ಪುಟದಿಂದ ತೊಡಗಲೆಂದು ಟೈಪು ಮಾಡುವವರು ಒಂಬತ್ತು ಸಲ ಎಂಟರ್ ಒತ್ತುತ್ತಾರೆ. ಅಂದರೆ ಒಂಬತ್ತು ಖಾಲಿ ಪ್ಯಾರಾಗಳು ಕಡತದಲ್ಲಿ ಸೇರಿದವು. ಯಂತ್ರದ ದೃಷ್ಟಿಯಲ್ಲಿ ಅವೂ ಮಿಕ್ಕ ಪ್ಯಾರಾಗಳಷ್ಟೇ ನಿಜ. ಮರುದಿನ ಅಧ್ಯಕ್ಷರು ದಾನಿಗಳ ಹೆಸರಿನ ಎರಡು ಸಾಲು ಸೇರಿಸುತ್ತಾರೆ. ಒಂಬತ್ತರಲ್ಲಿ ಎರಡು ಪ್ಯಾರಾ ಮುಂದಿನ ಪುಟಕ್ಕೆ ಜಾರಿ, ಕಾರ್ಯದರ್ಶಿಗಳ ವರದಿಯು ತಲೆಯ ಮೇಲೆ ಎರಡು ಸಾಲಿನ ತೆರಪಿನೊಡನೆ ಕೆಳಗಿಳಿಯುತ್ತದೆ. ಅದರ ಕೊನೆಯ ಎರಡು ಸಾಲು ಮತ್ತೂ ಮುಂದಿನ ಪುಟಕ್ಕೆ ಹೋಗಿ, ಅಲ್ಲಿಯೂ ಹೀಗೆಯೇ ಪೇರಿಸಿದ್ದ ಖಾಲಿ ಪ್ಯಾರಾಗಳನ್ನು ನೂಕುತ್ತದೆ. ಅಕ್ಷರದ ಗಾತ್ರವನ್ನು ಅರ್ಧ ಪಾಯಿಂಟು ಇಳಿಸಿದರಂತೂ ಲೇಖನಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಳ್ಳುತ್ತವೆ. ಒಂದು ಕಠಿಣ ವಿಭಜನೆ ಇದ್ದಿದ್ದರೆ ಅಧ್ಯಕ್ಷರು ಎಷ್ಟು ಸಾಲು ಸೇರಿಸಿದರೂ ವರದಿಯು ಹೊಸ ಪುಟದ ತಲೆಯಲ್ಲಿಯೇ ಉಳಿಯುತ್ತಿತ್ತು.

ಆದಾಗ್ಯೂ ಕಠಿಣ ವಿಭಜನೆಯೇ ಸಕಲ ವ್ಯಾಧಿಗೂ ಮದ್ದಲ್ಲ. ಅದನ್ನು ಅಧ್ಯಾಯಾಂತ್ಯದಂಥ ನಿಶ್ಚಿತ ಸ್ಥಾನಗಳಿಗೆ ಮೀಸಲಿಟ್ಟು, ಉಳಿದೆಡೆಗಳಲ್ಲಿ ಪ್ಯಾರಾಗಳ ಗುಣಗಳಾಗಿ ಹೇಳಬಹುದಾದ ನಾಲ್ಕು ಅಪ್ಪಣೆಗಳನ್ನು ಅವಲಂಬಿಸುವುದು ಬಲ್ಲವರ ರೀತಿ. ವರ್ಡಿನ ಪ್ಯಾರಾಗ್ರಾಫ್ ಸಂವಾದಪೆಟ್ಟಿಗೆಯಲ್ಲಿ ಲೈನ್ ಅಂಡ್ ಪೇಜ್ ಬ್ರೇಕ್ಸ್ ಎಂಬ ಹಾಳೆಯಲ್ಲಿ ಇವು ದೊರೆಯುತ್ತವೆ. ಪೇಜ್ ಬ್ರೇಕ್ ಬಿಫೋರ್ ಎಂಬುದು ಆ ಪ್ಯಾರಾವನ್ನು ಯಾವಾಗಲೂ ಹೊಸ ಪುಟದ ಮೊದಲಿಗೆ ಒಯ್ಯುತ್ತದೆ. ಇದನ್ನು ಅಧ್ಯಾಯಶೀರ್ಷಿಕೆಯ ಸ್ಟೈಲಿನಲ್ಲಿಯೇ ಸೇರಿಸಿಟ್ಟರೆ ಇಪ್ಪತ್ತು ಅಧ್ಯಾಯಗಳ ಗ್ರಂಥಕ್ಕೂ ಒಂದೇ ಒಂದು ಸಲ ಹೇಳಿದರೆ ಸಾಕು. ಕೀಪ್ ವಿತ್ ನೆಕ್ಸ್ಟ್ ಎಂಬುದು ಮುಂದಿನ ಪ್ಯಾರಾದ ಸಂಗವನ್ನು ಬಿಡದಿರುವಂತೆ ಮಾಡುತ್ತದೆ: ಉಪಶೀರ್ಷಿಕೆಯು ಪುಟದ ಅಡಿಯಲ್ಲಿ ಒಂಟಿಯಾಗಿ ನಿಂತು ವಿಷಯವೆಲ್ಲ ಮುಂದಿನ ಪುಟದಲ್ಲಿರುವ ಕುರೂಪವನ್ನು ತಪ್ಪಿಸುವುದು ಇದೇ. ಕೀಪ್ ಲೈನ್ಸ್ ಟುಗೆದರ್ ಎಂಬುದು ಒಂದು ಪ್ಯಾರಾದ ಸಾಲುಗಳನ್ನು ಎರಡು ಪುಟಕ್ಕೆ ಹಂಚಗೊಡದು. ವಿಳಾಸ, ಪದ್ಯ, ಸಹಿಯ ಒಕ್ಕಣೆಗಳಿಗೆ ಉಪಯುಕ್ತ. ನಾಲ್ಕನೆಯದಾದ ವಿಡೋ ಆರ್ಫನ್ ನಿಯಂತ್ರಣವು ಪ್ಯಾರಾದ ಮೊದಲ ಸಾಲೊಂದೇ ಪುಟದ ಅಡಿಯಲ್ಲಾಗಲಿ, ಕೊನೆಯ ಸಾಲೊಂದೇ ಮುಂದಿನ ಪುಟದ ತಲೆಯಲ್ಲಾಗಲಿ ಉಳಿಯದಂತೆ ನೋಡಿಕೊಳ್ಳುತ್ತದೆ. ಎರಡೂ ಕಡೆ ಕನಿಷ್ಠ ಎರಡೆರಡು ಸಾಲಿರಬೇಕೆಂಬುದು ಇದರ ನಿಯಮವಾದುದರಿಂದ ಮೂರು ಸಾಲಿನ ಪ್ಯಾರಾವನ್ನು ಒಡೆಯಲು ಬರುವುದೇ ಇಲ್ಲ, ಅದು ಇಡಿಯಾಗಿ ಈಚೆಗಾದರೂ ಇರಬೇಕು, ಆಚೆಗಾದರೂ ಹೋಗಬೇಕು. ಪುಟಗಳ ಕೆಳಗೆರೆ ಒಂದೆರಡು ಸಾಲು ಏರುಪೇರಾಗಿ ಕಾಣುವುದಕ್ಕೆ ಬಹುತೇಕ ಇದೇ ನಿಮಿತ್ತ.

ಈ ಗುಣಗಳನ್ನು ಹೊತ್ತ ಪ್ಯಾರಾದ ಎಡಮಗ್ಗುಲಲ್ಲಿ, ಅಡಗಿದ ಚಿಹ್ನೆಗಳನ್ನು ತೋರಿಸುವಂತೆ ಮಾಡಿದಾಗ, ವರ್ಡ್ ಒಂದು ಕರಿಯ ಸಣ್ಣ ಚೌಕವನ್ನು ಮೂಡಿಸುತ್ತದೆ. ಕಾರಣ ತಿಳಿಯದಂತೆ ಅರ್ಧ ಪುಟ ಬರಿದಾಗಿ ಉಳಿದಿದೆಯೆಂದು ಕಂಡಾಗ ಈ ಚೌಕಗಳನ್ನು ಹುಡುಕುವುದೇ ಮೊದಲ ಪರೀಕ್ಷೆ. ಯಾವುದೋ ಶೀರ್ಷಿಕೆಯ ಸ್ಟೈಲನ್ನು ನಕಲು ಮಾಡಿ ಅದರ ದಪ್ಪವನ್ನಷ್ಟೆ ಕಳೆದು ಸಾಮಾನ್ಯ ಪ್ಯಾರಾಗಳಿಗೆ ಹಚ್ಚಿದ್ದರೆ, ಹತ್ತಾರು ಪ್ಯಾರಾಗಳು ಒಂದನ್ನೊಂದು ಬಿಡಲೊಲ್ಲದೆ ಗುಂಪಾಗಿ ಮುಂದಿನ ಪುಟಕ್ಕೆ ನೆಗೆದಿರುತ್ತವೆ. ಕೋಷ್ಟಕಗಳಲ್ಲಿ ಇದೇ ಗುಣವು ವರವಾಗಿ ಪರಿಣಮಿಸುವುದುಂಟು: ಕೊನೆಯ ಅಡ್ಡಸಾಲನ್ನುಳಿದು ಮಿಕ್ಕ ಸಾಲುಗಳಿಗೆಲ್ಲ ಕೀಪ್ ವಿತ್ ನೆಕ್ಸ್ಟ್ ಕೊಟ್ಟರೆ ಚಿಕ್ಕ ಕೋಷ್ಟಕವು ಒಡೆಯದೆ ಒಂದೇ ಪುಟದಲ್ಲಿ ನಿಲ್ಲುತ್ತದೆ. ಒಂದು ಅಡ್ಡಸಾಲು ನಡುವೆ ಸೀಳದಿರುವಂತೆಯೂ, ಉದ್ದನೆಯ ಕೋಷ್ಟಕದ ತಲೆಸಾಲು ಪ್ರತಿ ಪುಟದಲ್ಲಿಯೂ ಮರಳಿ ಬರುವಂತೆಯೂ ಬೇರೆ ಅಪ್ಪಣೆಗಳಿವೆ.

ಪುಟವನ್ನಷ್ಟೇ ಅಲ್ಲದೆ ಪುಟದ ಸ್ವರೂಪವನ್ನೂ ಬದಲಿಸಬೇಕಾದಾಗ ಸೆಕ್ಷನ್ ಬ್ರೇಕ್ ಎಂಬ ಎರಡನೆಯ ಬಗೆಯ ವಿಭಜನೆಯನ್ನು ಆಶ್ರಯಿಸಬೇಕು. ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವ ಮಹಾಪ್ರಬಂಧದಲ್ಲಿ ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗಳಿಗೆ ರೋಮನ್ ಅಂಕಿಗಳೂ, ಮೊದಲ ಅಧ್ಯಾಯದಿಂದ ಬೇರೆ ಅಂಕಿಗಳೂ, ನಡುವೆಲ್ಲೋ ಅಡ್ಡಲಾಗಿ ತಿರುಗಿಸಿದ ಒಂದು ಅಗಲವಾದ ಕೋಷ್ಟಕವೂ ಬರುವುದು ವಾಡಿಕೆಯಷ್ಟೆ. ಈ ಪ್ರತಿಯೊಂದು ಬದಲಾವಣೆಗೂ ಒಂದೊಂದು ಸೆಕ್ಷನ್ ಬೇಕು. ವರ್ಡಿನಲ್ಲಿ ಇವು ನಾಲ್ಕು ಬಗೆ: ಮುಂದಿನ ಪುಟದಿಂದ ತೊಡಗುವುದು, ಅದೇ ಪುಟದಲ್ಲಿ ಮುಂದುವರಿಯುವುದು, ಮುಂದಿನ ಸಮಸಂಖ್ಯೆಯ ಪುಟದಿಂದ ತೊಡಗುವುದು, ಮುಂದಿನ ಬೆಸಸಂಖ್ಯೆಯ ಪುಟದಿಂದ ತೊಡಗುವುದು. ಇಲ್ಲೊಂದು ಸೂಕ್ಷ್ಮವುಂಟು, ಮತ್ತು ಅನುಭವಸ್ಥರೂ ಇದರಲ್ಲಿ ಎಡವುತ್ತಾರೆ. ಒಂದು ಸೆಕ್ಷನ್ನಿನ ಪುಟಸ್ವರೂಪವೆಲ್ಲವೂ ಅದರ ಕೊನೆಯಲ್ಲಿರುವ ವಿಭಜನಚಿಹ್ನೆಯಲ್ಲಿಯೇ ಅಡಗಿರುತ್ತದೆ. ಆದುದರಿಂದ ಆ ಚಿಹ್ನೆಯನ್ನು ಅಳಿಸಿದರೆ ಹಿಂದಿನ ಭಾಗವು ಮುಂದಿನ ಭಾಗದ ಸ್ವರೂಪವನ್ನು ತಾಳುತ್ತದೆ. ಅಡ್ಡ ಕೋಷ್ಟಕಕ್ಕೆ ಹಿಂದಿರುವ ಚಿಹ್ನೆ ಅನಾವಶ್ಯಕವೆಂದು ಅಳಿಸಿದವರು, ಅದಕ್ಕೆ ಮೊದಲಿದ್ದ ಇಡೀ ಅಧ್ಯಾಯವೇ ಅಡ್ಡಲಾಗಿ ತಿರುಗಿ ಮಲಗಿದುದನ್ನು ಕಂಡು ದಿಗ್ಭ್ರಮೆಗೊಳ್ಳುವರು. ಕೂಡಲೇ ಅನ್‌ಡೂ ಮಾಡುವುದೇ ಕ್ಷೇಮ.

ಲಿಬ್ರೆಆಫೀಸ್ ರೈಟರ್ ಈ ಸಮಸ್ಯೆಯನ್ನು ಬೇರೆ ರೀತಿಯಿಂದ ಬಿಡಿಸಿದೆ. ಅಲ್ಲಿ ಪ್ಯಾರಾಗಳಿಗಿರುವಂತೆ ಪುಟಗಳಿಗೂ ಹೆಸರಿಟ್ಟ ಸ್ಟೈಲುಗಳುಂಟು. ಮೊದಲ ಪುಟ, ಎಡಪುಟ, ಬಲಪುಟ ಎಂಬಂತೆ ಒಂದರ ಬಳಿಕ ಯಾವುದು ಬರಬೇಕೆಂಬ ಅನುಕ್ರಮವನ್ನೂ ಅವುಗಳಲ್ಲಿಯೇ ನಿಗದಿಪಡಿಸಬಹುದು, ವಿಭಜನೆಯನ್ನು ಸೇರಿಸುವಾಗಲೇ ಮುಂದಿನ ಪುಟದ ಸ್ಟೈಲನ್ನೂ ಅದರ ಸಂಖ್ಯೆಯನ್ನೂ ಹೇಳಬಹುದು. ಕಲಿಯಲು ತುಸು ಕಠಿನವಾದರೂ, ಮನಸ್ಸಿಗೆ ಹತ್ತಿದ ಮೇಲೆ ವರ್ಡಿನ ಪದ್ಧತಿಗಿಂತ ಇದು ನಿರ್ಮಲವಾದುದೆಂದು ತೋರುತ್ತದೆ.

ಬೇಕೆಂದೇ ಬಿಡುವ ಖಾಲಿ ಪುಟದ ಮೂಲ ಗ್ರಂಥಮುದ್ರಣದಲ್ಲಿದೆ. ತೆರೆದ ಪುಸ್ತಕದಲ್ಲಿ ಬಲಪುಟಕ್ಕೆ ಬೆಸಸಂಖ್ಯೆ, ಎಡಪುಟಕ್ಕೆ ಸಮಸಂಖ್ಯೆ. ಮುಖಪತ್ರ, ಅರ್ಪಣೆ, ಪ್ರತಿಯೊಂದು ಭಾಗದ ಆರಂಭ ಇವು ಬಲಪುಟದಲ್ಲಿಯೇ ಬರಬೇಕೆಂಬುದು ಹಳೆಯ ಸಂಪ್ರದಾಯ. ಹಿಂದಿನ ಅಧ್ಯಾಯವು ಬಲಪುಟದಲ್ಲಿಯೇ ಮುಗಿದಿದ್ದರೆ ಅದರ ಬೆನ್ನಿನ ಪುಟವನ್ನು ಬರಿದು ಬಿಡದೆ ಗತ್ಯಂತರವಿಲ್ಲ. ಇದಲ್ಲದೆ ಪುಸ್ತಕವು ಅಚ್ಚಾಗುವುದು ಬಿಡಿಹಾಳೆಗಳಲ್ಲಲ್ಲ, ಫಾರಂಗಳಲ್ಲಿ: ದೊಡ್ಡ ಹಾಳೆಯನ್ನು ಮಡಿಸಿದಾಗ ಎಂಟೋ ಹದಿನಾರೋ ಪುಟಗಳಾಗುತ್ತವೆ, ಪಿನ್ನು ಹೊಡೆದ ಕಿರುಹೊತ್ತಗೆಗಾದರೂ ಪುಟಗಳು ನಾಲ್ಕರಿಂದ ಭಾಗವಾಗಲೇಬೇಕು. ಡೆಮಿ ಅಷ್ಟದಳದ ಪುಸ್ತಕವೊಂದು 157 ಪುಟಕ್ಕೆ ಮುಗಿದರೆ, ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಅದು 160 ಪುಟವಾಗುತ್ತದೆ. ಉಳಿದ ಮೂರರಲ್ಲಿ ಪ್ರಕಾಶಕರು ತಮ್ಮ ಇತರ ಪ್ರಕಟಣೆಗಳ ಪಟ್ಟಿಯನ್ನು ಹಾಕುವುದೋ ಬರಿದಾಗಿ ಬಿಡುವುದೋ ಅವರವರ ಚಿತ್ತ. ಬರಿಯ ಪುಟವನ್ನು ನೋಡಿ ಮುದ್ರಣದೋಷವೆಂದು ಭ್ರಮಿಸದಿರಲೆಂದು, ಕಾನೂನು, ಸೇನೆ, ಪರೀಕ್ಷೆಗಳಿಗೆ ಸಂಬಂಧಿಸಿದ ಮುದ್ರಿತಗಳಲ್ಲಿ ಈ ಪುಟವನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗಿದೆ ಎಂಬ ಒಕ್ಕಣೆಯನ್ನು ಅಚ್ಚು ಹಾಕುವುದುಂಟು. ಹಾಗೆ ಅಚ್ಚು ಹಾಕಿದ ಮೇಲೆ ಪುಟವು ಖಾಲಿಯೆನಿಸುವುದು ಹೇಗೆಂಬ ತಾರ್ಕಿಕರ ತಕರಾರು ಇದ್ದೇ ಇದೆ. ನಮ್ಮ ಪ್ರಶ್ನಪತ್ರಿಕೆಗಳು ಅಂಥ ಪುಟವನ್ನು ಚಿತ್ತು ಬರೆಹಕ್ಕೆ ಬಿಟ್ಟುಕೊಟ್ಟು ಜಾಣತನ ಮೆರೆದಿವೆ.

ಪದಸಂಸ್ಕಾರಕದಲ್ಲಿ ಈ ಸಂಪ್ರದಾಯವನ್ನು ಪಾಲಿಸಲು ಬೆಸಪುಟದ ಸೆಕ್ಷನ್ ಬ್ರೇಕ್ ಇರುವುದನ್ನು ಮೇಲೆ ಹೇಳಿದೆ. ಅದರಿಂದ ಹುಟ್ಟುವ ಖಾಲಿ ಪುಟವು ಪರದೆಯ ಮೇಲೆ ಕಾಣಿಸದೆ, 15ರಿಂದ ನೇರವಾಗಿ 17ಕ್ಕೆ ಎಂಬಂತೆ ಪುಟಸಂಖ್ಯೆ ಹಾರುವುದರಿಂದ ಮಾತ್ರ ಊಹಿಸಲ್ಪಡುತ್ತದೆ. ಅಂಥ ಪುಟದ ಮೇಲೆ ತಲೆಬರೆಹವಾಗಲಿ ಪುಟಸಂಖ್ಯೆಯಾಗಲಿ ಮೂಡುವುದಿಲ್ಲ. 14ರಿಂದ 17ಕ್ಕೆ ಹಾರಿದ್ದರೆ ಯಾರೋ ಸಂಖ್ಯೆಯನ್ನು ಕೈಯಿಂದ ಬದಲಿಸಿದ್ದಾರೆಂದೇ ತಿಳಿಯತಕ್ಕುದು. ರೈಟರಿನಲ್ಲಿ ಬೆಸಸಂಖ್ಯೆಯ ಪುಟ ಬಲಕ್ಕೇ ಬರಬೇಕೆಂಬುದು ಅಲುಗಾಡದ ನಿಯಮ: ಸಮಸಂಖ್ಯೆ ಬರಬೇಕಾದ ಜಾಗದಲ್ಲಿ 1 ಎಂದು ಸಂಖ್ಯೆಯನ್ನು ಹೊಸದಾಗಿ ತೊಡಗಿಸಿದರೆ, ನಡುವೆ ಒಂದು ಖಾಲಿ ಪುಟವನ್ನು ತಾನೇ ಸೇರಿಸಿಬಿಡುತ್ತದೆ. ಇದನ್ನು ಮುದ್ರಿಸಬೇಕೋ ಬೇಡವೋ ಎಂಬುದಕ್ಕೆ ಮುದ್ರಣದ ಆಯ್ಕೆಗಳಲ್ಲಿ ಒಂದು ಗುರುತು, ಪಿಡಿಎಫ್ ಮಾಡುವಾಗ ಬೇರೊಂದು ಗುರುತು ಇರುವುದರಿಂದ ಕಾಗದಪ್ರತಿಗೂ ಪಿಡಿಎಫ್ ಪ್ರತಿಗೂ ಪುಟಗಳ ಎಣಿಕೆ ಬೇರೆಯಾಗುವ ಸಂಭವವುಂಟು.

ಬೇಡದ ಖಾಲಿ ಪುಟಗಳ ಕಥೆ ಬೇರೆ. ಇವುಗಳನ್ನು ಅಳಿಸಲು ಕೀಲಿಯೊತ್ತಿ ಒತ್ತಿ ಬೇಸತ್ತವರು ಕಡೆಗೆ ಆ ಪುಟವನ್ನು ಬಿಟ್ಟು ಮಿಕ್ಕವನ್ನು ಮುದ್ರಿಸಿಕೊಂಡು ಸಮಾಧಾನಪಟ್ಟುಕೊಳ್ಳುವುದೇ ಹೆಚ್ಚು. ಪುಟವನ್ನು ಅಳಿಸುವ ಆಜ್ಞೆಯನ್ನೇ ಇವರು ಹುಡುಕುತ್ತಿರುತ್ತಾರೆ; ಪುಟವೆಂಬ ವಸ್ತುವೇ ಇಲ್ಲದಿರಲು ಅದನ್ನು ಅಳಿಸುವುದೆಂತು? ಆ ಪುಟವನ್ನು ಹುಟ್ಟಿಸಿದ ಚಿಹ್ನೆಯನ್ನು ಹುಡುಕಬೇಕು. ವರ್ಡಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು 8 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿದ ಚಿಹ್ನೆಗಳೆಲ್ಲ ಬಯಲಾಗುತ್ತವೆ. ಆಗ ಕಾಣುವುದು ಸಾಮಾನ್ಯವಾಗಿ ಕೊನೆಯಲ್ಲಿ ಉಳಿದ ಖಾಲಿ ಪ್ಯಾರಾಗಳ ಸಾಲು. ಇಲ್ಲವೇ ಮರೆತುಹೋದ ಒಂದು ಕಠಿಣ ವಿಭಜನೆ. ಇಲ್ಲವೇ ಕಠಿಣ ವಿಭಜನೆಯ ಬೆನ್ನಿಗೇ ಪೇಜ್ ಬ್ರೇಕ್ ಬಿಫೋರ್ ಗುಣವುಳ್ಳ ಶೀರ್ಷಿಕೆ ಬಂದು, ಎರಡೂ ತಮ್ಮ ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ನೆರವೇರಿಸಿದ ಗುರುತು. ಪುಟವು ಕೊನೆಯ ಸಾಲಿನವರೆಗೂ ತುಂಬಿದ್ದು ಕಠಿಣ ವಿಭಜನೆಯ ಚಿಹ್ನೆಗೇ ಜಾಗ ಸಾಲದೆ ಅದು ಮುಂದಿನ ಪುಟಕ್ಕೆ ಇಳಿದು, ಅಲ್ಲಿಂದ ಮತ್ತೊಂದು ಪುಟಕ್ಕೆ ದಾರಿ ಮಾಡಿಕೊಡುವುದೂ ಉಂಟು.

ಇವೆಲ್ಲಕ್ಕಿಂತ ಹಠಮಾರಿಯಾದುದು ಕೋಷ್ಟಕದ ಬೆನ್ನಿಗಿರುವ ಪ್ಯಾರಾ. ವರ್ಡ್ ಕಡತವು ಕೋಷ್ಟಕದಿಂದ ಮುಗಿಯಲು ಬಾರದು. ಅದರ ಕೆಳಗೆ ಒಂದು ಪ್ಯಾರಾಚಿಹ್ನೆ ಇದ್ದೇ ತೀರಬೇಕೆಂಬುದು ಅದರ ರಚನೆಯಲ್ಲಿಯೇ ಬೆರೆತಿರುವ ನಿಯಮ. ಬೆಲೆಪಟ್ಟಿಯೋ ಸ್ವವಿವರದ ನಮೂನೆಯೋ ಪುಟದ ಕೊನೆಯವರೆಗೂ ತುಂಬಿದ್ದರೆ ಆ ಚಿಹ್ನೆ ಮಾತ್ರ ಎರಡನೆಯ ಪುಟಕ್ಕೆ ಬಿದ್ದು, ಏನೂ ಇಲ್ಲದ ಒಂದು ಹಾಳೆ ಪ್ರಿಂಟರಿನಿಂದ ಹೊರಬರುತ್ತದೆ. ಅಳಿಸುವ ಕೀಲಿಗೆ ಇದು ಜಗ್ಗುವುದಿಲ್ಲ. ಆ ಚಿಹ್ನೆಯನ್ನೇ ಆರಿಸಿ ಅಕ್ಷರದ ಗಾತ್ರವನ್ನು 1 ಪಾಯಿಂಟಿಗಿಳಿಸಿ, ಹಿಂದುಮುಂದಿನ ತೆರಪನ್ನು ಸೊನ್ನೆ ಮಾಡಿ, ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ 1 ಪಾಯಿಂಟೆಂದು ನಿಗದಿಗೊಳಿಸಿದರೆ ಅದು ಕೋಷ್ಟಕದ ಅಡಿಗೆರೆಯ ಕೆಳಗೆ ಅಡಗಿ ಕೂರುತ್ತದೆ. ಅದಕ್ಕೂ ಎಡೆಯಿಲ್ಲದಷ್ಟು ಪುಟ ತುಂಬಿದ್ದರೆ ಕೆಳಗಿನ ಅಂಚನ್ನು ಕೂದಲೆಳೆಯಷ್ಟು ತಗ್ಗಿಸಬೇಕಾದೀತು.

ಪುಟವಿಭಜನೆಯನ್ನು ಗಣಿತಶಾಸ್ತ್ರದ ವಿಷಯವಾಗಿ ಎತ್ತಿಕೊಂಡವರೂ ಇದ್ದಾರೆ. ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಹೊರತಂದ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯಲ್ಲಿ ಪುಟವನ್ನು ಮುರಿಯಬಹುದಾದ ಪ್ರತಿಯೊಂದು ಸ್ಥಾನಕ್ಕೂ ಒಂದು ದಂಡವುಂಟು: 10000 ಎಂದರೆ ಅಲ್ಲಿ ಮುರಿಯುವುದು ಸರ್ವಥಾ ನಿಷಿದ್ಧ, ಋಣ 10000 ಎಂದರೆ ಮುರಿಯಲೇಬೇಕು, ಒಂಟಿಸಾಲು ಉಳಿಯುವಂಥ ಕಡೆಗಳಿಗೆ ಮೂಲರೂಪದಲ್ಲಿ 150. ಕಡಮೆ ದಂಡದ ಸ್ಥಾನವನ್ನು ಯಂತ್ರ ಆರಿಸಿಕೊಳ್ಳುತ್ತದೆ. ಪ್ಯಾರಾವನ್ನು ಸಾಲುಗಳಾಗಿ ಒಡೆಯುವಾಗ ಇಡೀ ಪ್ಯಾರಾವನ್ನು ಒಟ್ಟಿಗೆ ವಿಚಾರಿಸುವ ಟೆಕ್, ಪುಟಗಳ ವಿಷಯದಲ್ಲಿ ಮಾತ್ರ ಒಂದೊಂದೇ ಪುಟವನ್ನು ಮುಗಿಸಿ ಮುಂದೆ ಸಾಗುತ್ತದೆ. ಆ ಕಾಲದ ಗಣಕಗಳ ಸ್ಮೃತಿಕೋಶ ಅಷ್ಟು ಕಿರಿದಾಗಿತ್ತು. ಕ್ನೂತರ ಶಿಷ್ಯರಾದ ಮೈಕೆಲ್ ಪ್ಲಾಸ್ 1981ರ ತಮ್ಮ ಪ್ರಬಂಧದಲ್ಲಿ, ಚಿತ್ರಗಳನ್ನು ಅವುಗಳ ಉಲ್ಲೇಖದ ಸಮೀಪದಲ್ಲಿರಿಸಿ ಅತ್ಯುತ್ತಮವಾಗಿ ಪುಟ ಕಟ್ಟುವ ಸಮಸ್ಯೆಯ ಕೆಲವು ರೂಪಗಳು ಗಣಕಕ್ಕೂ ದುಸ್ಸಾಧ್ಯವಾದ ವರ್ಗಕ್ಕೆ ಸೇರುವುವೆಂದು ತೋರಿಸಿಕೊಟ್ಟರು. ಜಾಲಪುಟಗಳ ವಿನ್ಯಾಸಭಾಷೆಯಾದ ಸಿಎಸ್ಎಸ್ ಕೂಡ 1998ರ ಎರಡನೆಯ ಆವೃತ್ತಿಯಿಂದ ಮುದ್ರಣಕ್ಕಾಗಿ ಇಂಥ ನಿಯಮಗಳನ್ನು ಒಳಗೊಂಡಿದ್ದು, ಒಂಟಿಸಾಲಿನ ಮಿತಿಯನ್ನು ಎರಡೆಂದು ಇಟ್ಟುಕೊಂಡಿದೆ.

ಕನ್ನಡ ಬರೆಹದಲ್ಲಿ ಪುಟಗಳ ಚಾಂಚಲ್ಯ ಇನ್ನೂ ಅಧಿಕ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಅಷ್ಟೇ ಗಾತ್ರದ ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚಿನ ಎತ್ತರ ಬೇಕಾಗುತ್ತದೆ. ಎಷ್ಟು ಹೆಚ್ಚೆಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ತುಂಗದಲ್ಲಿ ಅಂದವಾಗಿ ಕೂಡಿಸಿದ ಪುಟಗಳು ನಿರ್ಮಲಾ ಫಾಂಟಿಗೆ ಬದಲಿಸಿದೊಡನೆ ಹಿಂದುಮುಂದಾಗುವುವು. ಪುಟ ಹೆಚ್ಚಿತೆಂದು ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ ಎಂದು ಬಿಗಿಗೊಳಿಸಿದರೆ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುವುದುಂಟು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಗ್ರಂಥವನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅಕ್ಷರಗಳ ಅಗಲವೂ ಎತ್ತರವೂ ಬದಲಾಗುವುದರಿಂದ, ಹಿಂದೆ ಎಂಟರ್ ಒತ್ತಿ ನಿಲ್ಲಿಸಿದ್ದ ಪುಟಗಳೆಲ್ಲ ಕಳಚಿಬೀಳುತ್ತವೆ. ಹಳೆಯ ಕಡತಗಳನ್ನು ಮರುಮುದ್ರಣಕ್ಕೆ ಅಣಿಗೊಳಿಸುವ ಡಿಟಿಪಿ ಕೇಂದ್ರಗಳಲ್ಲಿ ಮೊದಲ ದಿನದ ಕೆಲಸವೆಲ್ಲ ಈ ಖಾಲಿ ಪ್ಯಾರಾಗಳನ್ನು ಗುಡಿಸುವುದರಲ್ಲಿಯೇ ಕಳೆಯುತ್ತದೆ. ಪ್ರತ್ಯಯಗಳನ್ನು ಒಂದರ ಮೇಲೊಂದು ಹೇರಿಕೊಂಡ ನಮ್ಮ ದೀರ್ಘಪದಗಳು ಸಾಲಿನ ಕೊನೆಯಲ್ಲಿ ಹಿಡಿಸದೆ ಇಡಿಯಾಗಿ ಕೆಳಗಿಳಿಯುವುದರಿಂದ, ಒಂದೇ ಪದದ ಕೊನೆಸಾಲುಳ್ಳ ಪ್ಯಾರಾಗಳೂ ಕನ್ನಡದಲ್ಲಿ ಹೆಚ್ಚು. ಅಂಥ ನಾಲ್ಕಾರು ಪ್ಯಾರಾಗಳಲ್ಲಿ ಒಂದೊಂದು ಪದವನ್ನು ಕಡಿತಗೊಳಿಸಿದರೆ ಪುಟವೇ ಉಳಿಯುವುದು ಸಂಪಾದಕರಿಗೆ ಗೊತ್ತಿರುವ ಉಪಾಯ.

ಕಾಗದದ ಅಳತೆ ಬದಲಾದರೆ ಪುಟಗಳು ಬದಲಾಗುವುದು ಸ್ವತಸ್ಸಿದ್ಧ. ಅಮೆರಿಕದ ಲೆಟರ್ ಹಾಳೆ 279 ಮಿಲಿಮೀಟರ್ ಉದ್ದ, ನಮ್ಮ ಎ4 ಹಾಳೆ 297. ಈ 18 ಮಿಲಿಮೀಟರಿನಲ್ಲಿ ನಾಲ್ಕು ಸಾಲು ಹಿಡಿಯುತ್ತವೆ. ಹೊಸ ಗಣಕದಲ್ಲಿ ಲೆಟರ್ ಎಂದೇ ಉಳಿದುಕೊಂಡಿರುವ ಅಳತೆಯನ್ನು ಗಮನಿಸದವರು ಪುಟಪುಟಕ್ಕೂ ನಾಲ್ಕು ಸಾಲಿನ ನಷ್ಟವನ್ನು ಅನುಭವಿಸುತ್ತಾರೆ. ಉದ್ದನೆಯ ಲೀಗಲ್ ಹಾಳೆಯ ಒಂದೇ ಮಗ್ಗುಲಲ್ಲಿ ಬೆರಳಚ್ಚು ಮಾಡುವ ನ್ಯಾಯಾಲಯಗಳ ಹಳೆಯ ರೂಢಿಯನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಕೈಬಿಟ್ಟು, ಎ4 ಹಾಳೆಯ ಎರಡೂ ಮಗ್ಗುಲಲ್ಲಿ ಮುದ್ರಿಸಬೇಕೆಂದು ವಿಧಿಸಿತು. ಎರಡು ಮಗ್ಗುಲ ಮುದ್ರಣ ಬಂದೊಡನೆ ಎಡಬಲಗಳ ಪ್ರಶ್ನೆ ವಕೀಲರ ಕಚೇರಿಗೂ ಕಾಲಿಟ್ಟಿತು: ಪ್ರತಿಯೊಂದು ಅನುಬಂಧವೂ ಹೊಸ ಹಾಳೆಯಿಂದ ತೊಡಗಬೇಕಾದರೆ ಬೆಸಪುಟದ ಸೆಕ್ಷನ್ ಬ್ರೇಕನ್ನು ಕಲಿಯಲೇಬೇಕಾಯಿತು.

ಕಾಗದದ ಹಂಗೇ ಇಲ್ಲದ ಬರೆಹಗಳಿಗಾಗಿ ಗೂಗಲ್ ಡಾಕ್ಸ್ 2022ರಲ್ಲಿ ಪುಟರಹಿತ ವಿನ್ಯಾಸವೊಂದನ್ನು ಸೇರಿಸಿದೆ; ಅದರಲ್ಲಿ ಪುಟವಿಭಜನೆಯೂ ಇಲ್ಲ, ಪುಟಸಂಖ್ಯೆಯೂ ಇಲ್ಲ. ಅಚ್ಚಿಗೆ ಹೋಗುವ ಬರೆಹಕ್ಕಾದರೋ 1993ರಲ್ಲಿ ಅಡೋಬಿ ಸಂಸ್ಥೆಯಿಂದ ಬಂದ ಪಿಡಿಎಫ್ ರೂಪವೇ ಆಧಾರ, ಏಕೆಂದರೆ ಪ್ರತಿಯೊಂದು ಅಕ್ಷರವೂ ಯಾವ ಪುಟದ ಯಾವ ಬಿಂದುವಿನಲ್ಲಿದೆಯೆಂಬುದು ಅದರಲ್ಲಿ ನಿಶ್ಚಿತವಾಗಿ ದಾಖಲಾಗಿರುತ್ತದೆ ಮತ್ತು ಮುದ್ರಣಾಲಯದ ಗಣಕದಲ್ಲಿ ಪುಟಗಳು ಕದಲುವುದಿಲ್ಲ. ಪಿಡಿಎಫ್ ಮಾಡಿದ ಮೇಲೆ ಪುಟಗಳ ಒಟ್ಟು ಸಂಖ್ಯೆಯನ್ನು ಫಾರಂ ಲೆಕ್ಕಕ್ಕೆ ಹೋಲಿಸಿ, ಅಧ್ಯಾಯಗಳ ಮೊದಲ ಪುಟಗಳು ಬಲಕ್ಕೆ ಬಂದಿವೆಯೇ, ರೈಟರಿನಲ್ಲಿ ತಯಾರಾದುದಾದರೆ ತಾನಾಗಿ ಸೇರಿದ ಖಾಲಿ ಪುಟಗಳು ಉಳಿದಿವೆಯೇ ಎಂಬುದನ್ನು ನೋಡಿಯೇ ಕಳುಹಿಸುವುದು ವಾಡಿಕೆ. ಒಂದು ಖಾಲಿ ಪುಟ ಬಿಟ್ಟುಹೋದರೂ ಅಲ್ಲಿಂದ ಮುಂದೆ ಇಡೀ ಪುಸ್ತಕದ ಎಡಪುಟಗಳು ಬಲಕ್ಕೂ ಬಲಪುಟಗಳು ಎಡಕ್ಕೂ ಅಚ್ಚಾಗಿ, ಹೊಲಿಗೆಗೆಂದು ಬಿಟ್ಟ ಅಗಲವಾದ ಅಂಚು ಹೊರಮಗ್ಗುಲಿಗೆ ಬಂದಿರುತ್ತದೆ.